ಗಾಳಿಯೂ ದುಡಿಯುತ್ತದೆ



ಹೋದ ಬೇಸಿಗೆಯಲ್ಲಿ ನಮ್ಮ ಊರಿಗೆ ಬೋರ್‌ವೆಲ್ ಕೊರೆಯಲು ಎರಡು ಲಾರಿ ಬಂದವು. ಒಂದು ಲಾರಿಯ ಮೇಲೆ ಎತ್ತರದ ಕಂಬ ಇತ್ತು. ಇನ್ನೊಂದರ ಮೇಲೆ ದೊಡ್ಡದೊಂದು ಪೆಟ್ಟಿಗೆ ಇತ್ತು. ಎರಡಕ್ಕೂ ನಡುವೆ ತೋಳಿನಷ್ಟು ದಪ್ಪನೆಯ ಪೈಪು. ಸಂಜೆಯಿಂದ ಒಂದೇ ಸಮ ಸದ್ದು. ಬಿಳಿ ಧೂಳು ಮರದೆತ್ತರಕ್ಕೆ ಹಾರುತ್ತಿತ್ತು.

ಅಂದು ರಾತ್ರಿ ಕಲಿಕಾ ಕೇಂದ್ರದಲ್ಲಿ ಯಾರಿಗೂ ಪಾಠದ ಮೇಲೆ ಮನಸ್ಸಿಲ್ಲ.

"ಟೀಚರಮ್ಮ, ಆ ಎರಡನೇ ಲಾರೀಲಿ ಏನೈತೆ?" ಎಂದು ಒಬ್ಬರು ಕೇಳಿದರು.

"ಗಾಳಿ ಐತೆ ಕಣಮ್ಮ" ಎಂದೆವು.

ಎಲ್ಲರೂ ಗೊಳ್ಳೆಂದು ನಕ್ಕರು. "ಗಾಳೀಲಿ ಬಂಡೆ ಕೊರೀತಾರಾ?" ಎಂದರು.

ಮೂಲೆಯಲ್ಲಿ ಕೂತಿದ್ದ ಒಬ್ಬ ಅಕ್ಕ ಮಾತ್ರ ನಗಲಿಲ್ಲ. ಅವರದು ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ. "ನಗಬೇಡ್ರವ್ವ. ಆ ಗಾಳಿ ನನ್ನ ಅಂಗಡೀಲೂ ಐತೆ. ಅದರ ಬಲ ಏನು ಅಂತ ನಂಗೊತ್ತು" ಎಂದರು. ಅವರ ಕಥೆಯನ್ನು ಆಮೇಲೆ ಹೇಳುತ್ತೇವೆ. ಮೊದಲು ಗಾಳಿಗೆ ಬಲ ಎಲ್ಲಿಂದ ಬರುತ್ತದೆ, ನೋಡೋಣ.

ಗಾಳಿಯನ್ನು ಅದುಮಿದರೆ ಏನಾಗುತ್ತದೆ?

ಹತ್ತಿಯನ್ನು ಚೀಲಕ್ಕೆ ತುಂಬುವುದನ್ನು ನೋಡಿದ್ದೀರಿ. ಕಾಲಲ್ಲಿ ತುಳಿದರೆ ಇನ್ನಷ್ಟು ಹತ್ತಿ ಹಿಡಿಯುತ್ತದೆ. ಗಾಳಿಯೂ ಹಾಗೇ. ಅದುಮಿದರೆ ಅಡಗುತ್ತದೆ. ಆದರೆ ಸುಮ್ಮನೆ ಕೂರುವುದಿಲ್ಲ. ಹೊರಗೆ ಬರಲು ಸುತ್ತಲೂ ಒತ್ತುತ್ತಾ ಇರುತ್ತದೆ. ಈ ಒತ್ತುವಿಕೆಗೆ ಒತ್ತಡ ಎನ್ನುತ್ತೇವೆ.

ಎರಡು ಕೊಡ ಗಾಳಿಯನ್ನು ಒಂದು ಕೊಡಕ್ಕೆ ಅದುಮಿದರೆ ಒತ್ತಡ ಎರಡರಷ್ಟು ಆಗುತ್ತದೆ. ಇದನ್ನು 1662ರಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಬರೆದಿಟ್ಟರು. ಹತ್ತು ಕೊಡ ಗಾಳಿಯನ್ನು ಒಂದು ಕೊಡಕ್ಕೆ ಅದುಮಿದರೆ? ಒತ್ತಡ ಹತ್ತರಷ್ಟು! ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿ ಇರುವುದು ಹೆಚ್ಚುಕಡಿಮೆ ಇಂಥ ಗಾಳಿ.

ಗಾಳಿಯನ್ನು ಹೀಗೆ ಅದುಮುವ ಯಂತ್ರವೇ ಕಂಪ್ರೆಸರು.

ಕುಲುಮೆಯ ತಿದಿ ನಿಮಗೆ ಗೊತ್ತು. ಒತ್ತಿದರೆ ಗಾಳಿ ಊದುತ್ತದೆ, ಬೆಂಕಿ ಉರಿಯುತ್ತದೆ. ತಿದಿ ಕಂಪ್ರೆಸರಿನ ಅಜ್ಜಿ ಇದ್ದ ಹಾಗೆ. ಆದರೆ ತಿದಿಯ ಗಾಳಿ ಆಗಲೇ ಹೊರಟು ಹೋಗುತ್ತದೆ. ಕಂಪ್ರೆಸರು ಗಾಳಿಯನ್ನು ಅದುಮಿ ಟ್ಯಾಂಕಿನಲ್ಲಿ ಕೂಡಿ ಹಾಕುತ್ತದೆ. ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳಬಹುದು. ಸಂಘದಲ್ಲಿ ಉಳಿತಾಯ ಮಾಡುತ್ತೀರಲ್ಲ, ಹಾಗೆ.

ಮೊದಲನೆಯ ಬಗೆ: ಪಿಸ್ಟನ್ನಿನ ಕಂಪ್ರೆಸರು

ಸೈಕಲ್ ಪಂಪನ್ನು ನೆನೆಸಿಕೊಳ್ಳಿ. ಉದ್ದನೆಯ ಕೊಳವೆ. ಒಳಗೆ ಬಿಗಿಯಾಗಿ ಕೂತ ಬಿರಡೆ. ಹಿಡಿ ಎತ್ತಿದರೆ ಗಾಳಿ ಒಳಗೆ ಬರುತ್ತದೆ. ಕೆಳಗೆ ಒತ್ತಿದರೆ ಗಾಳಿ ಟ್ಯೂಬಿಗೆ ಹೋಗುತ್ತದೆ. ಹೋದ ಗಾಳಿ ವಾಪಸ್ ಬರುವುದಿಲ್ಲ. ಯಾಕೆ? ನಡುವೆ ಒಂದೇ ಕಡೆಗೆ ತೆರೆಯುವ ಬಾಗಿಲು ಇದೆ. ಅದಕ್ಕೆ ವಾಲ್ವು ಎನ್ನುತ್ತಾರೆ.

ಪಂಕ್ಚರ್ ಅಂಗಡಿಯ ಕಂಪ್ರೆಸರು ಮಾಡುವುದೂ ಇದೇ ಕೆಲಸ. ಕೈಗೆ ಬದಲಾಗಿ ಕರೆಂಟಿನ ಮೋಟಾರು ಇದೆ. ಮೋಟಾರು ಬೆಲ್ಟನ್ನು ತಿರುಗಿಸುತ್ತದೆ. ಬೆಲ್ಟು ದೊಡ್ಡ ಗಾಲಿಯನ್ನು ತಿರುಗಿಸುತ್ತದೆ. ಗಾಲಿ ತಿರುಗಿದಾಗ ಒಳಗಿನ ಬಿರಡೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಈ ಬಿರಡೆಯ ಹೆಸರು ಪಿಸ್ಟನ್ನು. ಪಿಸ್ಟನ್ನು ಹಿಂದೆ ಸರಿದಾಗ ಒಂದು ವಾಲ್ವು ತೆರೆದು ಗಾಳಿ ಒಳಗೆ ಬರುತ್ತದೆ. ಮುಂದೆ ಬಂದಾಗ ಆ ವಾಲ್ವು ಮುಚ್ಚುತ್ತದೆ. ಇನ್ನೊಂದು ವಾಲ್ವು ತೆರೆದು ಗಾಳಿ ಟ್ಯಾಂಕಿಗೆ ನುಗ್ಗುತ್ತದೆ.

ಜೋರಾಗಿ ಪಂಪು ಹೊಡೆದ ಮೇಲೆ ಅದರ ಬುಡ ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಅದಕ್ಕೇ ಕಂಪ್ರೆಸರಿನ ತಲೆಯ ಸುತ್ತ ಪದರ ಪದರವಾಗಿ ಕಬ್ಬಿಣದ ರೆಕ್ಕೆ ಇರುತ್ತವೆ. ಬಿಸಿ ಅಲ್ಲಿಂದ ಹೊರಗೆ ಹೋಗಲಿ ಎಂದು. ಕೆಲವಕ್ಕೆ ಎರಡು ತಲೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರಲ್ಲಿ ಅರ್ಧ ಅದುಮಿ, ನಡುವೆ ತಣಿಸಿ, ಚಿಕ್ಕದರಲ್ಲಿ ಪೂರ್ತಿ ಅದುಮುತ್ತಾರೆ.

ಎರಡನೆಯ ಬಗೆ: ತಿರುಪಿನ ಕಂಪ್ರೆಸರು

ಪಿಸ್ಟನ್ನು ಗಾಳಿಯನ್ನು ಬಿಟ್ಟು ಬಿಟ್ಟು ಕೊಡುತ್ತದೆ. ಬಂಡೆ ಕೊರೆಯಲು ಹೊಳೆ ಹರಿದ ಹಾಗೆ ಗಾಳಿ ಬೇಕು. ಅದಕ್ಕೆ ತಿರುಪಿನ ಕಂಪ್ರೆಸರು. ಇಂಗ್ಲಿಷಿನಲ್ಲಿ ಸ್ಕ್ರೂ ಎನ್ನುತ್ತಾರೆ.

ಒಳಗೆ ಎರಡು ದಪ್ಪ ತಿರುಪು ಅಕ್ಕಪಕ್ಕ ಮಲಗಿರುತ್ತವೆ. ಎರಡು ಜಡೆ ಒಂದಕ್ಕೊಂದು ಹೆಣೆದುಕೊಂಡ ಹಾಗೆ ಕಾಣುತ್ತವೆ. ಎರಡೂ ಎದುರುಬದುರಾಗಿ ತಿರುಗುತ್ತವೆ. ಅವುಗಳ ಸಂದಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ತಿರುಪು ತಿರುಗಿದಂತೆ ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ. ದಾರಿ ಹೋದಷ್ಟೂ ಸಂದಿ ಕಿರಿದಾಗುತ್ತದೆ. ಗಾಳಿ ಅದುಮಿಕೊಂಡು ಹೊರಬರುತ್ತದೆ. ತಿರುಪುಗಳ ಮಧ್ಯೆ ಎಣ್ಣೆ ಬಿಡುತ್ತಾರೆ. ಅದು ಬಿಸಿ ತಣಿಸುತ್ತದೆ, ಸಂದಿಯನ್ನೂ ಮುಚ್ಚುತ್ತದೆ.

ಬೋರ್‌ವೆಲ್ ಲಾರಿಯ ಪೆಟ್ಟಿಗೆಯಲ್ಲಿ ಇದ್ದದ್ದು ಇದೇ. ಇಂಥ ಲಾರಿಗಳು ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬಹಳ ಬರುತ್ತವೆ. ಕೊಳವೆಯ ತುದಿಯಲ್ಲಿ ಒಂದು ಸುತ್ತಿಗೆ ಇರುತ್ತದೆ. ಗಾಳಿ ಕೊಳವೆಯೊಳಗೆ ಇಳಿದು ಆ ಸುತ್ತಿಗೆಯನ್ನು ಪಟಪಟ ಬಡಿಸುತ್ತದೆ. ಬಂಡೆ ಪುಡಿಯಾಗುತ್ತದೆ. ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ನೀವು ನೋಡಿದ ಬಿಳಿ ಧೂಳು ಅದೇ.

ಇನ್ನೂ ಕೆಲವು ಬಗೆ

ಮೂರನೆಯದು ಪಟ್ಟಿಯ ಕಂಪ್ರೆಸರು. ದುಂಡನೆಯ ಡಬ್ಬಿ. ಅದರೊಳಗೆ ಒಂದು ಉರುಳೆ. ಉರುಳೆ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಉರುಳೆಯ ಸೀಳುಗಳಲ್ಲಿ ಪಟ್ಟಿಗಳಿವೆ. ಉರುಳೆ ತಿರುಗಿದಾಗ ಪಟ್ಟಿಗಳು ಹೊರಗೆ ಜಾರಿ ಡಬ್ಬಿಯ ಗೋಡೆಗೆ ಒತ್ತಿಕೊಳ್ಳುತ್ತವೆ. ಎರಡು ಪಟ್ಟಿಗಳ ನಡುವಿನ ಜಾಗ ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ಅಗಲದಲ್ಲಿ ಸೇರಿದ ಗಾಳಿ ಇಕ್ಕಟ್ಟಿಗೆ ಬಂದಾಗ ಅದುಮಿ ಹೋಗುತ್ತದೆ.

ನಾಲ್ಕನೆಯದು ಬೀಸಿ ಎಸೆಯುವ ಕಂಪ್ರೆಸರು. ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ನೀರು ಹೊರಗೆ ಚಿಮ್ಮುತ್ತದೆ ಅಲ್ವೇ? ಹಾಗೇ ಒಂದು ಚಕ್ರ ಬಹಳ ವೇಗದಲ್ಲಿ ತಿರುಗಿ ಗಾಳಿಯನ್ನು ಅಂಚಿಗೆ ಎಸೆಯುತ್ತದೆ. ಆ ವೇಗವೇ ಮುಂದೆ ಒತ್ತಡ ಆಗುತ್ತದೆ. ಇದು ದೊಡ್ಡ ಕಾರ್ಖಾನೆಗಳ ಯಂತ್ರ.

ಪುಟ್ಟ ಕಂಪ್ರೆಸರೂ ಉಂಟು. ಮಕ್ಕಳಿಗೆ ದಮ್ಮು ಬಂದಾಗ ಆಸ್ಪತ್ರೆಯಲ್ಲಿ ಮುಖಕ್ಕೆ ಹಿಡಿದು ಔಷಧಿಯ ಮಂಜು ಕೊಡುತ್ತಾರೆ. ಆ ಡಬ್ಬಿಯಲ್ಲಿ ಗುರ್ ಎನ್ನುವುದು ಪುಟ್ಟ ಕಂಪ್ರೆಸರು.

ಕೂಡಿಟ್ಟ ಗಾಳಿ ಏನೇನು ಮಾಡುತ್ತದೆ?

ಬಸ್ಸು ನಿಂತಾಗ 'ಚುಸ್' ಎಂದು ಸದ್ದು ಬರುತ್ತದೆ. ಅದು ಗಾಳಿಯ ಸದ್ದು. ಬಸ್ಸಿನ ಇಂಜಿನ್ನೇ ಒಂದು ಕಂಪ್ರೆಸರನ್ನು ನಡೆಸುತ್ತದೆ. ಗಾಳಿ ಟ್ಯಾಂಕಿನಲ್ಲಿ ಸೇರುತ್ತದೆ. ಡ್ರೈವರಣ್ಣ ಕಾಲಿನಿಂದ ಒತ್ತುವುದು ಗಾಳಿಯ ಬಾಗಿಲನ್ನು ಮಾತ್ರ. ಅಷ್ಟು ದೊಡ್ಡ ಬಸ್ಸನ್ನು ಹಿಡಿದು ನಿಲ್ಲಿಸುವುದು ಗಾಳಿ. ಬೆಳಿಗ್ಗೆ ಬಸ್ಸು ಚಾಲೂ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಿರುತ್ತಾರೆ. ಆಗ "ಹೊತ್ತಾಯ್ತು, ಬೇಗ ಹೊರಡಪ್ಪ" ಎಂದು ಅವಸರ ಮಾಡಬೇಡಿ. ಬ್ರೇಕಿಗೆ ಗಾಳಿ ತುಂಬಬೇಕು.

ತಾನೇ ತೆರೆಯುವ ಬಸ್ಸಿನ ಬಾಗಿಲಿಗೂ ಗಾಳಿಯೇ ಆಳು. ಪಂಪಿನಲ್ಲಿ ನಾವು ಕಡ್ಡಿ ಒತ್ತುತ್ತೇವೆ, ಗಾಳಿ ಹೊರಡುತ್ತದೆ. ಬಾಗಿಲಿನಲ್ಲಿ ಗಾಳಿ ಒತ್ತುತ್ತದೆ, ಕಡ್ಡಿ ಚಲಿಸುತ್ತದೆ. ಪಂಪನ್ನು ತಿರುಗುಮುರುಗು ಮಾಡಿದ ಹಾಗೆ. ಇಷ್ಟು ತಿಳಿದರೆ ಗಾಳಿಯ ಯಂತ್ರಗಳ ಗುಟ್ಟೆಲ್ಲ ತಿಳಿದ ಹಾಗೇ.

ಪಂಕ್ಚರ್ ಅಂಗಡಿ ಅಕ್ಕನ ಕಥೆ

ಅವರ ಗಂಡನಿಗೆ ಕಾಲು ಮುರಿದಿತ್ತು. ಅಂಗಡಿ ಮುಚ್ಚಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಕ್ಕ ತಾವೇ ಅಂಗಡಿಗೆ ಕೂತರು. ಆಗ ಅವರಿಗೆ ಅಂಕಿ ಬರುತ್ತಿರಲಿಲ್ಲ. ಗಾಳಿ ಸಾಕೋ ಬೇಕೋ ಎಂದು ಟೈರನ್ನು ಹೆಬ್ಬೆರಳಲ್ಲಿ ಒತ್ತಿ ಹೇಳುತ್ತಿದ್ದರು. ಒಬ್ಬ ಗಿರಾಕಿ, "ಮೀಟರು ಓದೋಕೆ ಬರಲ್ಲ, ಅಂಗಡಿ ಬೇರೆ ಕೇಡು" ಎಂದುಬಿಟ್ಟ. ಅಕ್ಕನಿಗೆ ಅಳುವೇ ಬಂತು. ಮಾರನೆಯ ದಿನವೇ ಕೇಂದ್ರಕ್ಕೆ ಬಂದರು.

ಮೂರು ತಿಂಗಳಲ್ಲಿ ನೂರರ ಮೇಲಿನ ಅಂಕಿಯೂ ಓದಲು ಬಂತು. ಅಂಗಡಿಯ ಮೀಟರು ನೋಡುವುದು ರೂಢಿಯಾಯಿತು. ಅವರ ಯಂತ್ರ 120ಕ್ಕೆ ತಾನೇ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅದು ನಿಲ್ಲಲಿಲ್ಲ. ಮುಳ್ಳು 130ಕ್ಕೆ ಬಂತು. 150 ದಾಟಿತು. ಕೆಂಪು ಗೆರೆಯೂ ದಾಟಿತು. ಅಕ್ಕ ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದರು. ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ ದೂರ ಕಳಿಸಿದರು.

ಮೆಕ್ಯಾನಿಕ್ಕು ಬಂದು ನೋಡಿದ. ತಾನೇ ನಿಲ್ಲಿಸುವ ಸ್ವಿಚ್ಚು ಕೆಟ್ಟಿತ್ತು. ಅದು ಕೆಟ್ಟರೂ ಕಾಯಬೇಕಾದದ್ದು ಸೇಫ್ಟಿ ವಾಲ್ವು. ಒತ್ತಡ ಮಿತಿ ಮೀರಿದರೆ ಅದು ತೆರೆದು ಗಾಳಿ ಬಿಡಬೇಕು. ಕುಕ್ಕರಿನಲ್ಲಿ ಇರುತ್ತದಲ್ಲ, ಹಾಗೆ. ಆದರೆ 'ಗಾಳಿ ಸೋರುತ್ತೆ' ಎಂದು ಹಿಂದೆ ಯಾರೋ ಅದನ್ನು ತಂತಿ ಸುತ್ತಿ ಬಿಗಿದಿದ್ದರು. ಟ್ಯಾಂಕಿನ ತಳದಿಂದ ನೀರು ಬಿಟ್ಟೂ ಬಹಳ ದಿನ ಆಗಿತ್ತು. ತುಕ್ಕು ಹಿಡಿದ ಕೆಂಪು ನೀರು ಹರಿಯಿತು.

ಗಾಳಿ ತುಂಬಿದ ಟ್ಯಾಂಕಿಗೆ ನೀರು ಎಲ್ಲಿಂದ ಬಂತು? ಗಾಳಿಯಲ್ಲಿ ಸದಾ ತೇವ ಇರುತ್ತದೆ. ಅದುಮಿ ತಣಿಸಿದಾಗ ತೇವ ನೀರಾಗಿ ಇಳಿಯುತ್ತದೆ. ನೀರು ನಿಂತರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ. ಒಂದು ದಿನ ಬಾಂಬಿನ ಹಾಗೆ ಸಿಡಿಯುತ್ತದೆ. ಹೀಗೆ ಸಿಡಿದು ಪ್ರಾಣ ಹೋದದ್ದುಂಟು.

"ಆವತ್ತು ಅಂಕಿ ಬರದೇ ಇದ್ದಿದ್ರೆ ನಾನೂ ಇರ್ತಿರಲಿಲ್ಲ, ಬೆಂಚಿನ ಮೇಲೆ ಕೂತಿದ್ದ ಮಕ್ಕಳೂ ಇರ್ತಿರಲಿಲ್ಲ" ಎಂದರು ಅಕ್ಕ. ಆ ರಾತ್ರಿ ಕೇಂದ್ರದಲ್ಲಿ ಯಾರೂ ನಗಲಿಲ್ಲ.

ನೆನಪಿಡಿ

1. ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ದಿನಾ ನೀರು ಬಿಡಿ.
2. ಸೇಫ್ಟಿ ವಾಲ್ವನ್ನು ಎಂದೂ ಕಟ್ಟಬೇಡಿ, ಮುಚ್ಚಬೇಡಿ. ಸೋರಿದರೆ ಹೊಸದು ಹಾಕಿಸಿ.
3. ಮುಳ್ಳು ಕೆಂಪು ಗೆರೆ ಮುಟ್ಟುವ ಮುಂಚೆಯೇ ಯಂತ್ರ ನಿಲ್ಲಿಸಿ.
4. ತುಕ್ಕು ಹಿಡಿದ ಟ್ಯಾಂಕಿಗೆ ಬೆಸುಗೆ ಹಾಕಿಸಿ ಮತ್ತೆ ಬಳಸಬೇಡಿ.
5. ಬೆಲ್ಟಿಗೆ ಜಾಲರಿ ಇರಲಿ. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಮೇಲೆ ಕಟ್ಟಿ.
6. ಗಾಳಿಯ ಪೈಪಿನಿಂದ ಮೈ, ಬಟ್ಟೆ, ತಲೆಯ ಧೂಳು ಊದಿಕೊಳ್ಳಬೇಡಿ. ಕಣ್ಣು, ಕಿವಿ ಹೋಗಬಹುದು.
7. ತಮಾಷೆಗೂ ಯಾರ ಮೈಗೂ ಪೈಪು ಹಿಡಿಯಬೇಡಿ. ಗಾಳಿ ಒಳಗೆ ನುಗ್ಗಿ ಕರುಳು ಒಡೆದು ಜನ ಸತ್ತಿದ್ದಾರೆ. ಮಕ್ಕಳಿಗೆ ಇದನ್ನು ತಪ್ಪದೇ ಹೇಳಿ.
8. ಬಂಡೆ ಕೊರೆಯುವ ಕಡೆ, ಕಲ್ಲು ಕ್ವಾರಿಯಲ್ಲಿ ಏಳುವ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕೆಲಸದ ಜಾಗಕ್ಕೆ ನೀರು ಹಾಕಬೇಕೆಂದು ಕೇಳಿ. ಅದು ನಿಮ್ಮ ಹಕ್ಕು.

ಮಾತಾಡೋಣ

1. ತಿದಿಗೂ ಕಂಪ್ರೆಸರಿಗೂ ಏನು ವ್ಯತ್ಯಾಸ?
2. ಸೈಕಲ್ ಪಂಪಿನ ಬುಡ ಯಾಕೆ ಬಿಸಿಯಾಗುತ್ತದೆ?
3. ಟ್ಯಾಂಕಿನಲ್ಲಿ ನೀರು ಹೇಗೆ ಸೇರುತ್ತದೆ?
4. ಅಕ್ಕ ಸ್ವಿಚ್ಚು ಆರಿಸಿದ ಮೇಲೆ ಜನರನ್ನು ಯಾಕೆ ದೂರ ಕಳಿಸಿದರು?

ಬಿಟ್ಟ ಜಾಗ ತುಂಬಿ

1. ಒಂದೇ ಕಡೆಗೆ ತೆರೆಯುವ ಬಾಗಿಲಿಗೆ ______ ಎನ್ನುತ್ತಾರೆ.
2. ಬೋರ್‌ವೆಲ್ ಲಾರಿಯಲ್ಲಿ ಇರುವುದು ______ ಕಂಪ್ರೆಸರು.
3. ಬಸ್ಸಿನ ಬ್ರೇಕು ಹಿಡಿಯುವುದು ______ ಬಲದಿಂದ.

ಮಾಡಿ ನೋಡಿ

ನಾಳೆ ನಿಮ್ಮ ಊರಿನ ಪಂಕ್ಚರ್ ಅಂಗಡಿಗೆ ಹೋಗಿ. ಮೀಟರಿನ ಮುಳ್ಳು ಯಾವ ಅಂಕಿಯ ಮೇಲಿದೆ, ಓದಿ. ಕೆಂಪು ಗೆರೆ ಎಲ್ಲಿದೆ, ನೋಡಿ. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಮನೆಯಲ್ಲಿ ಬೈಕು ಇದ್ದರೆ, ಟೈರಿಗೆ ಎಷ್ಟು ಗಾಳಿ ಎಂದು ಅದರ ಪುಸ್ತಕದಲ್ಲೋ ಅಂಟಿಸಿದ ಚೀಟಿಯಲ್ಲೋ ಬರೆದಿರುತ್ತದೆ. ಅದನ್ನು ನೀವೇ ಓದಿ ಮನೆಯವರಿಗೆ ಹೇಳಿ.