ನಿಂತೇ ಆಟ ನೋಡುವವರಿಗೆ ಜಾಗ: ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಪ್ರಶ್ನೆ: ಸರ್, ನಾನು ಸಾಗರದವನು. ಕೆಲಸ ಬೆಂಗಳೂರಿನಲ್ಲಿ. ಬೆಂಗಳೂರು ಎಫ್‌ಸಿ ಪಂದ್ಯ ಇದ್ದರೆ ಕಂಠೀರವ ಸ್ಟೇಡಿಯಂಗೆ ಹೋಗಿ ವೆಸ್ಟ್ ಬ್ಲಾಕ್ ಅಭಿಮಾನಿ ಗುಂಪಿನವರ ಜೊತೆ ನಿಲ್ಲುತ್ತೇನೆ. ತೊಂಬತ್ತು ನಿಮಿಷವೂ ಹಾಡು, ಡ್ರಮ್ಮು, ಕುಣಿತ. ಕೂರುವ ಮಾತೇ ಇಲ್ಲ. ಊರಿಗೆ ಬಂದರೆ ಅಪ್ಪ, "ದುಡ್ಡು ಕೊಟ್ಟು ಹೋಗ್ತೀಯ, ಕೂತು ನೋಡೋಕೆ ಏನು ರೋಗ?" ಅಂತ ಬೈಯುತ್ತಾರೆ. ಯುರೋಪಿನಲ್ಲಿ ನಿಲ್ಲುವವರಿಗೆಂದೇ ಬೇರೆ ಜಾಗ ಮಾಡಿದ್ದಾರಂತೆ. ನಮ್ಮಲ್ಲಿ ಯಾಕಾಗಬಾರದು?
— ಒಬ್ಬ ಅಭಿಮಾನಿ, ಸಾಗರ

ಉತ್ತರ: ಆಗಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಫುಟ್‌ಬಾಲ್ ಇರುವಲ್ಲೆಲ್ಲ ನಿಲ್ಲುವವರು ನಿಂತೇ ನಿಲ್ಲುತ್ತಾರೆ. ಮುಂದೆ ಹಿಡಿದುಕೊಳ್ಳಲು ಕಂಬಿ ಇದೆಯೋ ಇಲ್ಲವೋ ಅನ್ನುವುದಷ್ಟೇ ನಾವು ತೀರ್ಮಾನಿಸಬೇಕಾದ ವಿಷಯ.

ನಿಮ್ಮ ತಂದೆಯವರ ಬೈಗುಳದ ಹಿಂದೆ ಭಯ ಇದ್ದರೆ ಅದೂ ಸುಳ್ಳಲ್ಲ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಸೆಮಿಫೈನಲ್ ಇತ್ತು. ಗೇಟಿನ ಹೊರಗೆ ನೂಕುನುಗ್ಗಲು ಹೆಚ್ಚಿತೆಂದು ಪೊಲೀಸರು ಒಂದು ದೊಡ್ಡ ಬಾಗಿಲು ತೆರೆಸಿದರು. ಒಳಬಂದವರ ಕಣ್ಣೆದುರಿಗೇ ಒಂದು ಸುರಂಗದಾರಿ. ಅದು ಹೋಗಿ ಸೇರುತ್ತಿದ್ದದ್ದು ಆಗಲೇ ತುಂಬಿಹೋಗಿದ್ದ ನಡುವಿನ ಎರಡು ಕಟಕಟೆಗಳಿಗೆ, ಅಂದರೆ ಬೇಲಿ ಸುತ್ತಿದ ನಿಲ್ಲುವ ಜಾಗಗಳಿಗೆ. ಅಕ್ಕಪಕ್ಕದ ಕಟಕಟೆಗಳಲ್ಲಿ ಜಾಗ ಉಳಿದಿತ್ತು. ಸುರಂಗದ ಬಾಯಿ ಮುಚ್ಚಿ ಜನರನ್ನು ಆ ಕಡೆ ತಿರುಗಿಸುವವರು ಯಾರೂ ಇರಲಿಲ್ಲ. ಮುಂದೆ ಎತ್ತರದ ತಂತಿಬೇಲಿ, ಹಿಂದಿನಿಂದ ಇನ್ನೂ ಬರುತ್ತಿದ್ದ ಜನ. ಮೂರು ಗಂಟೆಗೆ ಶುರುವಾದ ಪಂದ್ಯ ಆರು ನಿಮಿಷಕ್ಕೆ ನಿಂತಿತು. 97 ಜನ ಸತ್ತರು. ಕೊನೆಯವರು ಆ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ವರ್ಷಗಟ್ಟಲೆ ತಪ್ಪನ್ನು ಅಭಿಮಾನಿಗಳ ತಲೆಗೆ ಕಟ್ಟಲಾಯಿತು. 2016ರಲ್ಲಿ ಜ್ಯೂರಿ, ಅಭಿಮಾನಿಗಳ ತಪ್ಪಿಲ್ಲ ಎಂದು ಹೇಳುವ ತನಕ ಸತ್ತವರ ಮನೆಯವರು ಹೋರಾಡಬೇಕಾಯಿತು.

ತನಿಖೆ ಮಾಡಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯ ವರದಿಯಲ್ಲಿ ದೊಡ್ಡ ಮೈದಾನಗಳೆಲ್ಲ ಕುರ್ಚಿಮಯವಾಗಲಿ ಎಂದರು. 1994ರ ಹೊತ್ತಿಗೆ ಇಂಗ್ಲೆಂಡಿನ ಮೇಲಿನ ಎರಡು ದರ್ಜೆಯ ಮೈದಾನಗಳು ಹಾಗೆ ಬದಲಾದವು. ಆದರೆ ನಿಂತು ನೋಡುವುದೇ ಅಪಾಯ ಎಂದು ಟೇಲರ್ ಹೇಳಿರಲಿಲ್ಲ. ಈ ಮಾತು ಬಹಳ ಜನಕ್ಕೆ ಮರೆತುಹೋಗಿದೆ.

ಕುರ್ಚಿ ಹಾಕಿದ ಮೇಲೂ ಜನ ಕೂರಲಿಲ್ಲ. ಕುರ್ಚಿಯ ಮುಂದೆ ನಿಂತಾಗ ಮುಂದಿನ ಸಾಲಿನ ಕುರ್ಚಿಯ ಬೆನ್ನು ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ. ಗೋಲು ಬಿದ್ದ ಕ್ಷಣ ಹಿಂದಿನವರು ಕುಣಿದು ಮೈಮೇಲೆ ಬಿದ್ದರೆ ಕಾಲು ಅಲ್ಲೇ ಸಿಕ್ಕಿ, ಮೈ ಮುಂದಕ್ಕೆ ಮಗುಚುತ್ತದೆ. ಒಬ್ಬ ಬಿದ್ದರೆ ಕೆಳಗಿನ ಎರಡು-ಮೂರು ಸಾಲು ಜೊತೆಗೆ ಬೀಳುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದೇ ಕಂಬಿಕುರ್ಚಿ. ಪ್ರತಿ ಸಾಲಿಗೂ ಸೊಂಟದೆತ್ತರದ ಉಕ್ಕಿನ ಕಂಬಿ, ಅದರೊಳಗೆ ಮಡಚಿಕೊಳ್ಳುವ ಕುರ್ಚಿ. ಹಿಂದಿನಿಂದ ಎಷ್ಟೇ ನೂಕಿದರೂ ಒಂದು ಸಾಲಿನ ಭಾರ ಆ ಸಾಲಿನ ಕಂಬಿಯಲ್ಲೇ ನಿಲ್ಲುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಒಂದು ಕುರ್ಚಿಗೆ ಒಂದೇ ಟಿಕೆಟ್, ಹಾಗಾಗಿ ಲೆಕ್ಕವೂ ತಪ್ಪುವುದಿಲ್ಲ.

ಜರ್ಮನಿಯವರು ನಿಲ್ಲುವ ಜಾಗವನ್ನು ಬಿಟ್ಟುಕೊಡಲೇ ಇಲ್ಲ. ಡಾರ್ಟ್‌ಮಂಡ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಇವತ್ತಿಗೂ ಸುಮಾರು 25,000 ಜನ ನಿಲ್ಲುತ್ತಾರೆ. ಸ್ಕಾಟ್ಲೆಂಡಿನ ಸೆಲ್ಟಿಕ್ 2016ರಲ್ಲಿ ಕಂಬಿಕುರ್ಚಿ ಹಾಕಿತು. ಹಿಲ್ಸ್‌ಬರೋದ ನೋವು ಉಂಡ ಇಂಗ್ಲೆಂಡೇ 2022ರ ಜನವರಿಯಲ್ಲಿ ಐದು ಕ್ಲಬ್‌ಗಳಲ್ಲಿ ಪ್ರಯೋಗ ಮಾಡಿ, ಅದೇ ವರ್ಷದ ಹೊಸ ಋತುವಿನಿಂದ ಉಳಿದವರಿಗೂ ಅನುಮತಿ ಕೊಟ್ಟಿತು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಶುರುವಾದ ಗುಂಪು ನಿಮ್ಮದು. ಇಷ್ಟು ವರ್ಷ ಶಿಸ್ತಿನಿಂದ ಹಾಡುತ್ತಾ ನಿಂತವರಿಗೆ ಒಂದು ಬ್ಲಾಕಿಗೆ ಕಂಬಿ ಹಾಕಿಸಿಕೊಡುವುದು ಯಾರಿಗೂ ಹೊರೆಯಾಗದು. ಕ್ಲಬ್ಬನ್ನು ಲಿಖಿತವಾಗಿ ಕೇಳಿ. ಕಂಬಿ, ಸಾಲಿನ ನಂಬರ್ ಇರುವ ಟಿಕೆಟ್, ಆ ಬ್ಲಾಕಿಗೇ ಬೇರೆ ಗೇಟು, ಈ ಮೂರನ್ನೂ ಒಟ್ಟಿಗೇ ಕೇಳಿ. ಕಂಬಿ ಹಾಕಿ ಟಿಕೆಟ್ ಲೆಕ್ಕ ಬಿಟ್ಟರೆ ಹಿಲ್ಸ್‌ಬರೋದ ಕಟಕಟೆಯನ್ನೇ ಮತ್ತೆ ಕಟ್ಟಿದಂತಾಗುತ್ತದೆ.

ಪ್ರಶ್ನೆ: ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಮಕ್ಕಳು ಸತ್ತ ಸುದ್ದಿ ನೋಡಿದ ಮೇಲೆ ನನಗೆ ನಿದ್ದೆ ಇಲ್ಲ. ನನ್ನ ಮಗನೂ ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಆಟ ಅಂದರೆ ಹುಚ್ಚು. ಬಿದ್ದು ತುಳಿತಕ್ಕೆ ಸಿಕ್ಕಿದರೆ ಸಾಯುತ್ತಾರೆ ಸರಿ, ನಿಂತಲ್ಲೇ ಹೇಗೆ ಸಾಯುತ್ತಾರೆ? ಅವನಿಗೆ ಏನು ಹೇಳಲಿ?
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮ, ನಿಮ್ಮ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಉಸಿರು ಎಳೆದುಕೊಳ್ಳಲು ಎದೆಗೂಡು ಹಿಗ್ಗಬೇಕು. ನಾಲ್ಕೂ ಕಡೆಯಿಂದ ಮೈ ಒತ್ತಿದರೆ ಅದು ಹಿಗ್ಗುವುದಿಲ್ಲ, ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತದೆ. ಅಷ್ಟು ಒತ್ತಾದ ಗುಂಪಿನಲ್ಲಿ ಸತ್ತವರೂ ಬೀಳಲು ಜಾಗವಿಲ್ಲದೆ ನಿಂತೇ ಇರುತ್ತಾರೆ.

2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ಹೊತ್ತಿಗೆ 11 ಜನ ಪ್ರಾಣ ಬಿಟ್ಟದ್ದು ಸ್ಟೇಡಿಯಂನ ಒಳಗಲ್ಲ, ಗೇಟುಗಳ ಹೊರಗೆ. ಒಳಗೆ ಜಾಗ ಇದ್ದದ್ದು 35,000ದ ಆಸುಪಾಸು. ಹೊರಗೆ ಸೇರಿದ್ದವರು ಲಕ್ಷ ದಾಟಿದ್ದರು. ಯಾರಿಗೆ ಪ್ರವೇಶ, ಯಾರಿಗಿಲ್ಲ ಎನ್ನುವುದು ಬಂದ ಜನಕ್ಕೆ ಸ್ಪಷ್ಟವಿರಲಿಲ್ಲ. ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ತನಿಖೆ ಮಾಡಿತು, ಜನಸಂದಣಿ ನಿಯಂತ್ರಣದ ಮಸೂದೆಯೂ ಅದೇ ವರ್ಷ ವಿಧಾನಸಭೆಗೆ ಬಂತು. ಕೂರುವ ಜಾಗವೋ ನಿಲ್ಲುವ ಜಾಗವೋ ಎನ್ನುವ ಚರ್ಚೆಗೂ ಆ ಸಾವುಗಳಿಗೂ ಸಂಬಂಧವಿಲ್ಲ. ಎಣಿಕೆಯಿಲ್ಲದೆ ಜನರನ್ನು ಕರೆದದ್ದಕ್ಕೂ ಅವಕ್ಕೂ ಸಂಬಂಧವಿದೆ.

ಮಗನಿಗೆ ಹೋಗಬೇಡ ಎಂದರೆ ಹೇಳದೆ ಹೋಗುತ್ತಾನೆ. ಬದಲಿಗೆ ಇದನ್ನು ಹೇಳಿ: ಟಿಕೆಟ್ ಇಲ್ಲದ, ಉಚಿತ ಪ್ರವೇಶದ ಜಾತ್ರೆಗೆ ಗೇಟಿನ ಹತ್ತಿರ ಹೋಗಬೇಡ. ಎರಡೂ ಭುಜಕ್ಕೆ ಬೇರೆಯವರ ಮೈ ತಾಗತೊಡಗಿದರೆ, ಇನ್ನೂ ಕೈ ಆಡಿಸಲು ಬರುವಾಗಲೇ ಅಲ್ಲಿಂದ ಹೊರಡು. ಸಿಕ್ಕಿಹಾಕಿಕೊಂಡರೆ ಮುಷ್ಟಿ ಕಟ್ಟಿ ಎರಡೂ ಕೈ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಉಳಿಸಿಕೋ. ನೂಕಿಗೆ ಎದುರು ಹೋಗಬೇಡ. ನೂಕು ಸಡಿಲವಾದ ಕ್ಷಣದಲ್ಲಿ ಓರೆಯಾಗಿ ಅಂಚಿಗೆ ಸರಿ. ಮೊಬೈಲ್ ಬಿದ್ದರೆ, ಚಪ್ಪಲಿ ಕಳಚಿದರೆ ಬಗ್ಗಬೇಡ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಪ್ರತಿವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮಾಡುತ್ತೇವೆ. ಈ ಸಲ ಫುಟ್‌ಬಾಲನ್ನೂ ಸೇರಿಸುವ ಯೋಚನೆ ಇದೆ. ಅಡಿಕೆ ಮರ ಕಟ್ಟಿ ಗ್ಯಾಲರಿ ಮಾಡುವುದು ವಾಡಿಕೆ. ರೋಚಕ ಪಂದ್ಯ ಬಂದರೆ ಎಲ್ಲರೂ ಎದ್ದು ಕುಣಿಯುತ್ತಾರೆ, ಗ್ಯಾಲರಿ ಕಿರುಗುಟ್ಟುತ್ತದೆ. ಕುರ್ಚಿ ಬಾಡಿಗೆ ಕೊಡುವಷ್ಟು ದುಡ್ಡಿಲ್ಲ. ನಿಲ್ಲುವ ಗ್ಯಾಲರಿ ಮಾಡಿದರೆ ಹೆಚ್ಚು ಜನ ಹಿಡಿಸಬಹುದಾ?
— ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೇಡ. ಮರ ಕಟ್ಟಿದ ಗ್ಯಾಲರಿಯ ಮೇಲೆ ನಿಲ್ಲುವ ವ್ಯವಸ್ಥೆ ಖಂಡಿತ ಮಾಡಬೇಡಿ. ಮೊದಲ ಪತ್ರಕ್ಕೆ ಹೌದು ಎಂದವನೇ ನಿಮಗೆ ಬೇಡ ಎನ್ನಲು ಕಾರಣವಿದೆ.

ಜನ ಸೇರುವ ಜಾಗದ ನೆಲ ಎಷ್ಟು ಭಾರ ಹೊರಬೇಕು ಎಂದು ನಮ್ಮ ಐಎಸ್ 875 ಮಾನದಂಡ ಹೇಳುತ್ತದೆ. ಕುರ್ಚಿ ಗಟ್ಟಿಯಾಗಿ ಕೂರಿಸಿದ್ದರೆ ಚದರ ಮೀಟರಿಗೆ ಸುಮಾರು 400 ಕಿಲೋ, ಇಲ್ಲದಿದ್ದರೆ 500 ಕಿಲೋ. ನಿಂತವರು ಒತ್ತೊತ್ತಾಗಿ ಸೇರುತ್ತಾರೆ ಎನ್ನುವುದಕ್ಕೇ ಈ ಹೆಚ್ಚುವರಿ. ಅವರು ತಾಳಕ್ಕೆ ಸರಿಯಾಗಿ ಒಟ್ಟಿಗೇ ಜಿಗಿದರೆ ಗ್ಯಾಲರಿ ಮೇಲಿನ ಹೊಡೆತ ಅವರ ತೂಕಕ್ಕಿಂತ ಎಷ್ಟೋ ಜಾಸ್ತಿ. ಅಡಿಕೆ ಮರ ನೇರ ಭಾರವನ್ನು ಚೆನ್ನಾಗಿಯೇ ಹೊರುತ್ತದೆ. ಸೋಲುವುದು ಕಟ್ಟು. ಮೊದಲ ದಿನ ಬಿಗಿಯಾಗಿದ್ದ ಹಗ್ಗ ಮರ ಒಣಗಿದಂತೆ ಸಡಿಲವಾಗುತ್ತದೆ. ನೀವು ಕೇಳಿದ ಕಿರುಗುಟ್ಟುವ ಸದ್ದು ಅದೇ. ಕಟ್ಟಿನೊಳಗೆ ಮರ ಜಾರುತ್ತಿದೆ ಎಂದರ್ಥ. ಜೊತೆಗೆ ಎಷ್ಟೋ ಕಡೆ ಕಂಬದಿಂದ ಕಂಬಕ್ಕೆ ಓರೆ ಕಟ್ಟೇ ಇರುವುದಿಲ್ಲ. ಇಡೀ ಗ್ಯಾಲರಿ ಒಂದು ಮಗ್ಗುಲಿಗೆ ವಾಲಿ ಮಲಗಲು ಅಷ್ಟು ಸಾಕು. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ಉದ್ಘಾಟನೆಯ ಹೊತ್ತಿಗೇ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಮರುವರ್ಷ ಅದೇ ತಿಂಗಳು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸೆವೆನ್ಸ್ ಫುಟ್‌ಬಾಲ್ ನೋಡುತ್ತಿದ್ದವರ ತಾತ್ಕಾಲಿಕ ಗ್ಯಾಲರಿ ಬಿತ್ತು.

ನಿಮಗೆ ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಮಲೆನಾಡಿನ ಮೈದಾನಗಳು ಹೆಚ್ಚಿನವು ಗುಡ್ಡ ಕಡಿದು ಮಾಡಿದವು. ಒಂದು ಪಕ್ಕದಲ್ಲಿ ದರೆ ಇದ್ದೇ ಇರುತ್ತದೆ. ಆ ದರೆಯನ್ನೇ ಮೆಟ್ಟಿಲಾಗಿ ಕಡಿಯಿರಿ. ಒಂದೊಂದು ಮೆಟ್ಟಿಲು ಮುಕ್ಕಾಲು ಮೀಟರ್ ಅಗಲ, ಅಂಚಿಗೆ ಕೆಂಪುಕಲ್ಲು ಕೂರಿಸಿ. ಪ್ರತಿ ಮೆಟ್ಟಿಲಿನ ಮುಂದೆ ಒಂದು ಮೀಟರಿಗೆ ತುಸು ಮೇಲೆ ಬರುವಂತೆ ಜಿಐ ಪೈಪಿನ ಕಂಬಿ ಹಾಕಿಸಿ, ಬುಡಕ್ಕೆ ಕಾಂಕ್ರೀಟು. ಒಮ್ಮೆ ಮಾಡಿದರೆ ವರ್ಷವರ್ಷದ ಗ್ಯಾಲರಿ ಖರ್ಚು ಉಳಿಯುತ್ತದೆ. ನೆಲದ ಮೇಲೆ ನಿಂತವರ ಕಾಲಡಿಯಲ್ಲಿ ಕುಸಿಯುವ ಕಟ್ಟೇ ಇರುವುದಿಲ್ಲ. ಆದರೆ ದರೆ ಹಸಿಯಾಗಿದ್ದರೆ, ಮೇಲಿನಿಂದ ನೀರು ಒಸರುತ್ತಿದ್ದರೆ, ಮಳೆಗಾಲದಲ್ಲಿ ಒಮ್ಮೆಯಾದರೂ ಜರಿದಿದ್ದರೆ ಆ ಜಾಗ ಬೇಡ. ಕಡಿಯುವ ಮುಂಚೆ ಎಂಜಿನಿಯರೊಬ್ಬರನ್ನು ಕರೆಸಿ ತೋರಿಸಿ.

ಇನ್ನು ಲೆಕ್ಕ. ಬ್ರಿಟನ್ನಿನ ಮೈದಾನ ಸುರಕ್ಷತಾ ಕೈಪಿಡಿಯ ಪ್ರಕಾರ ನಿಲ್ಲುವ ಜಾಗದಲ್ಲಿ 10 ಚದರ ಮೀಟರಿಗೆ ಹೆಚ್ಚೆಂದರೆ 47 ಜನ. ನೀವು ಅಷ್ಟಕ್ಕೆ ಹೋಗಬೇಡಿ. ಕಂಬಿಯ ಉದ್ದಕ್ಕೆ ಒಬ್ಬರಿಗೆ ಅರ್ಧ ಮೀಟರ್ ಇಡಿ. 20 ಮೀಟರ್ ಉದ್ದದ ಮೆಟ್ಟಿಲಿಗೆ 40 ಜನ, ಐದು ಮೆಟ್ಟಿಲಿಗೆ 200. ಎರಡು ತುದಿಯಲ್ಲೂ ಇಳಿಯುವ ದಾರಿ ಇರಲಿ, ನಾಲ್ಕಡಿಗೆ ಕಡಿಮೆ ಬೇಡ. ಆ ದಾರಿಗೆ ಕಡಲೆಕಾಯಿ ಗಾಡಿ, ಬೈಕು ಯಾವುದೂ ಅಡ್ಡ ಬರಬಾರದು. ಮೆಟ್ಟಿಲ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಅರವತ್ತರ ಆಸುಪಾಸು ಜನ ಇಳಿಯಬಲ್ಲರು. ಒಂದು ದಾರಿ ಕಟ್ಟಿಹೋದರೂ ಉಳಿದ ಒಂದರಲ್ಲೇ ಮೂರು ನಿಮಿಷದೊಳಗೆ ಎಲ್ಲರೂ ಕೆಳಗಿರುತ್ತಾರೆ.

ಇನ್ನೂರು ಬಣ್ಣದ ಚೀಟಿ ಮಾಡಿಸಿ. ಇನ್ನೂರ ಒಂದನೆಯವರು ಊರಿನ ಪಟೇಲರ ಮನೆಯವರಾದರೂ ಮೆಟ್ಟಿಲು ಹತ್ತಬಾರದು. ಫೈನಲ್ ರಾತ್ರಿ ನೂಕು ಜೋರಾದರೆ ಆಟ ನಿಲ್ಲಿಸುವ ಅಧಿಕಾರ ಯಾರದು ಎಂದು ಮೊದಲೇ ಗೊತ್ತುಮಾಡಿ, ಅವರ ಕೈಗೆ ಮೈಕು ಕೊಡಿ. ಅವರು ಅತಿಥಿಗಳ ವೇದಿಕೆಯಲ್ಲಿ ಕೂರಬಾರದು, ಜನ ಕಾಣುವ ಕಡೆ ನಿಂತಿರಬೇಕು. ನಾನು ಕಂಡಂತೆ ನಮ್ಮ ಪಂದ್ಯಾವಳಿಗಳಲ್ಲಿ ಶಾಮಿಯಾನ, ಶೀಲ್ಡು, ಸನ್ಮಾನಕ್ಕೆಲ್ಲ ಒಬ್ಬೊಬ್ಬ ಉಸ್ತುವಾರಿ ಇರುತ್ತಾರೆ. ಜನರನ್ನು ನೋಡಿಕೊಳ್ಳಲು ಮಾತ್ರ ಯಾರೂ ಇರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಮಂಡಿನೋವು. ಹುಡುಗರು ಮುಂದೆ ಎದ್ದು ನಿಂತರೆ ನಮ್ಮಂಥವರಿಗೆ ಆಟವೇ ಕಾಣುವುದಿಲ್ಲ. ನೀವು ಅವರ ಪರ ವಾದಿಸುವುದು ಸರಿಯೇ?
— ಸಾಗರ

ಉತ್ತರ: ನಿಮ್ಮ ಪರವಾಗಿಯೂ ಇದೇ ವಾದ, ಮೇಡಂ. ನಿಲ್ಲುವವರಿಗೆ ಬೇರೆ ಜಾಗ ಇಲ್ಲದ್ದರಿಂದಲೇ ಅವರು ನಿಮ್ಮ ಮುಂದೆ ನಿಲ್ಲುತ್ತಿದ್ದಾರೆ. ನಿಲ್ಲುವ ಬ್ಲಾಕ್ ಗೋಲುಕಂಬದ ಹಿಂದೆಯೋ ಕೂರುವವರ ಬೆನ್ನ ಹಿಂದೆಯೋ ಇರಬೇಕು, ಎಂದೂ ಅವರ ಎದುರಿಗಲ್ಲ. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು, ಗಾಲಿಕುರ್ಚಿಯವರು ಮುಂದಿನ ಸಾಲಿನಲ್ಲಿ, ದಾರಿಗೆ ಹತ್ತಿರ. ಮುಂದಿನ ಪಂದ್ಯಾವಳಿಗೆ ಸಂಘದವರು ವಂತಿಗೆ ಕೇಳಲು ಮನೆಗೆ ಬಂದಾಗ ರಸೀದಿ ಹರಿಯುವ ಮೊದಲೇ ಇದನ್ನು ಕೇಳಿ. ಅವರಲ್ಲಿ ಅರ್ಧ ಜನ ನಿಮ್ಮ ವಿದ್ಯಾರ್ಥಿಗಳೇ ಇರುತ್ತಾರೆ, ಇಲ್ಲ ಎನ್ನಲಾರರು.