ಕಾಡುಕೋಳಿಯ ಕೂಗು

ಹೊರನಾಡು, ಕಳಸ, ಮೂಡಿಗೆರೆ ಕಡೆ ಬೆಳಗಿನ ಜಾವ ಎರಡು ಕೂಗು ಕೇಳುತ್ತವೆ. ಒಂದು ನಮ್ಮ ಹಿತ್ತಿಲ ಹುಂಜದ್ದು. ಇನ್ನೊಂದು ಕಾಫಿ ತೋಟದಾಚೆಯ ಕಾಡಿನದು.

ಮನೆ ಹುಂಜ 'ಕೊಕ್ಕೊಕ್ಕೋ' ಎಂದು ಕೊನೆಗೆ ಉದ್ದ ಎಳೆಯುತ್ತದೆ. ಕಾಡಿನ ಹುಂಜ 'ಕುಕ್, ಕಾಯ ಕಾಯ, ಕುಕ್' ಎಂದು ತುಂಡು ತುಂಡಾಗಿ ಕೂಗುತ್ತದೆ. ಎರಡೂ ಕೋಳಿಯೇ. ಕೂಗು ಏಕೆ ಬೇರೆ?

ನಮ್ಮ ಕಾಡಿನಲ್ಲಿರುವುದು ಬೂದು ಕಾಡುಕೋಳಿ. ಹುಂಜದ ಮೈ ಬೂದು, ಬಾಲ ಕಪ್ಪು. ಕತ್ತಿನ ಗರಿಯ ಮೇಲೆ ಹಳದಿ, ಬಿಳಿ ಚುಕ್ಕೆಗಳು. ಹೇಂಟೆ ಕಂದು ಬಣ್ಣ. ತರಗೆಲೆ ನಡುವೆ ಕೂತರೆ ಕಾಣುವುದೇ ಇಲ್ಲ.

ಆದರೆ ಮನೆಕೋಳಿಯ ಮೂಲ ಇದಲ್ಲ. ಅದರ ಮೂಲ ಕೆಂಪು ಕಾಡುಕೋಳಿ. ಅದು ಉತ್ತರ ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಕಡೆಯ ಕಾಡುಗಳ ಹಕ್ಕಿ. ಅದರ ಕೂಗು ಮನೆ ಹುಂಜದ ಕೂಗಿನಂತೆಯೇ ಇದೆ, ಕೊನೆ ಮಾತ್ರ ಮೊಟಕು. ನಾಲಿಗೆ ಕುಲ ಹೇಳುತ್ತದೆ ಎನ್ನುತ್ತಾರಲ್ಲ, ಹಾಗೆ!

ಥಾಯ್ಲೆಂಡಿನ ಒಂದು ಹಳೆಯ ಊರಿನಲ್ಲಿ ಮನೆಕೋಳಿಯ ಮೂಳೆಗಳು ಸಿಕ್ಕಿವೆ. ಅವು ಸುಮಾರು 3,500 ವರ್ಷ ಹಳೆಯವು ಎಂದು ವಿಜ್ಞಾನಿಗಳು 2022ರಲ್ಲಿ ತಿಳಿಸಿದರು. ಜನ ಭತ್ತ ಬೆಳೆದರು. ಚೆಲ್ಲಿದ ಕಾಳು ಹೆಕ್ಕಲು ಕಾಡುಕೋಳಿ ಊರಿಗೆ ಬಂತು. ಮೆಲ್ಲಗೆ ಅಲ್ಲೇ ಉಳಿಯಿತು.

ಹಾಗಾದರೆ ನಮ್ಮ ಬೂದು ಕೋಳಿಗೆ ನೆಂಟಸ್ತಿಕೆ ಇಲ್ಲವೇ? ಇದೆ. ಹಲವು ಮನೆಕೋಳಿಗಳ ಕಾಲು ಹಳದಿ ಅಲ್ಲವೇ? ಆ ಹಳದಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ತಿಳಿದುಬಂತು.

ಮನೆಗೆ ಬಂದರೂ ಕೋಳಿ ಕಾಡಿನ ಮಾತು ಮರೆತಿಲ್ಲ. ಮೊಟ್ಟೆ ಒಡೆಯುವ ಮೊದಲೇ ಮರಿ ಒಳಗಿನಿಂದ 'ಚಿಂವ್' ಅನ್ನುತ್ತದೆ. ಕಾವು ಕೂತ ತಾಯಿ ಉತ್ತರ ಕೊಡುತ್ತದೆ. ಕಾಳು ಕಂಡರೆ 'ಕೊಕ್ ಕೊಕ್' ಎಂದು ಬೇಗ ಬೇಗ ಮರಿಗಳನ್ನು ಕರೆಯುತ್ತದೆ.

ಅಪಾಯಕ್ಕೂ ಎರಡು ಕೂಗು ಇವೆ. ಮೇಲೆ ಹದ್ದು ಕಂಡರೆ ಒಂದೇ ಉದ್ದನೆಯ ದನಿ. ಮರಿಗಳು ಕೂಡಲೇ ಅಡಗುತ್ತವೆ. ನಾಯಿ, ಮುಂಗುಸಿ ಬಂದರೆ 'ಕೊಟ್ ಕೊಟ್ ಕೊಟಾಕ್' ಎಂದು ಬಿಡದೆ ಗಲಾಟೆ.

ಮೊಟ್ಟೆ ಮಾರಿದ ಕಾಸು ನಮ್ಮ ಕೈಯ ಕಾಸು. ಮಕ್ಕಳ ಪುಸ್ತಕಕ್ಕೆ, ಮನೆಯ ಸೋಪಿಗೆ ಆಗುತ್ತದೆ. ಒಂದು ಮರಿ ಹೋದರೂ ನಷ್ಟ. ಆದ್ದರಿಂದ ಕೂಗು ಕೇಳಿ ತಿಳಿಯೋಣ. ಉದ್ದ ದನಿ ಬಂದರೆ ಆಕಾಶ ನೋಡೋಣ, ಮರಿಗಳ ಮೇಲೆ ಬುಟ್ಟಿ ಕವುಚೋಣ. ಗಲಾಟೆ ಕೇಳಿದರೆ ಬೇಲಿ ಕಡೆ ಓಡೋಣ.

ಇನ್ನೊಂದು ಮಾತು. ಕಾಡುಕೋಳಿಗೆ ಉರುಳು ಹಾಕುವುದು, ಅದರ ಮೊಟ್ಟೆ ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜೈಲು, ದಂಡ ಎರಡೂ ಆಗಬಹುದು. ಮನೆಯವರಿಗೂ ಇದನ್ನು ಓದಿ ಹೇಳೋಣ.

ಓದಿ, ಉತ್ತರ ಬರೆಯಿರಿ
1. ಮನೆಕೋಳಿಯ ಮೂಲ ಯಾವುದು?
2. ಹದ್ದು ಬಂದಾಗ ಹೇಂಟೆ ಹೇಗೆ ಕೂಗುತ್ತದೆ?
3. ನಿಮ್ಮ ಕೋಳಿ ಇನ್ನೂ ಯಾವ ಯಾವ ದನಿ ಮಾಡುತ್ತದೆ? ಕೇಳಿದಂತೆಯೇ ಬರೆಯಿರಿ.