ಮುಂಗೈ ಮೇಲಿನ ಬಾವು ಹೇಳುವುದೇನು?
ಕ್ಷಯ ಮತ್ತು ಟಿ ಜೀವಕೋಶಗಳ ಪಾಠ: ಒಂದು ಬೋಧನಾಭ್ಯಾಸದ ಅನುಭವ

ತರಗತಿ: 9. ವಿಷಯ: ವಿಜ್ಞಾನ. ಘಟಕ: ರೋಗ ಮತ್ತು ರೋಗನಿರೋಧಕತೆ. ಅವಧಿ: 40 ನಿಮಿಷದ ಎರಡು ಪಾಠ.

ಈ ವರ್ಷ ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಕಡೆಯ ಶಾಲೆಗಳಿಗೆ ಹೋಗಿದ್ದೆವು. ನನ್ನ ಪಾಲಿಗೆ ಬಂದದ್ದು ವಾಡಿ ಸಮೀಪದ ಒಂದು ಪ್ರೌಢಶಾಲೆ. ಅಲ್ಲಿನ ಮಕ್ಕಳ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಕಲ್ಲಿನ ಗಣಿಗೋ ಸಿಮೆಂಟ್ ಕೆಲಸಕ್ಕೋ ಹೋಗುವವರು. ಕೆಮ್ಮು, ಕಫ, ಟಿಬಿ ಎಂಬ ಮಾತುಗಳು ಅವರಿಗೆ ಹೊಸವಲ್ಲ.

ಮೊದಲ ಪಾಠ

ನನ್ನ ಪಾಠ ಯೋಜನೆಯಲ್ಲಿ ಎಲ್ಲರೂ ಬಳಸುವ ಹೋಲಿಕೆಯೇ ಇತ್ತು: ದೇಹ ಒಂದು ಕೋಟೆ, ರೋಗಾಣು ಶತ್ರು, ಟಿ ಜೀವಕೋಶಗಳು ಸೈನಿಕರು. ಚಿತ್ರಪಟ ತೋರಿಸಿದೆ, ಮಕ್ಕಳು ಉತ್ಸಾಹದಿಂದ ಕೇಳಿದರು, ಮೌಲ್ಯಮಾಪನದ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದರು. ಪಾಠ ಯಶಸ್ವಿಯಾಯಿತೆಂದೇ ಭಾವಿಸಿದೆ.

ಗಂಟೆ ಹೊಡೆದ ಮೇಲೆ ಒಬ್ಬ ವಿದ್ಯಾರ್ಥಿನಿ ವರಾಂಡಕ್ಕೆ ಬಂದು ತನ್ನ ಮುಂಗೈ ತೋರಿಸಿದಳು. ಅವಳ ತಂದೆ ಕ್ಷಯಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಮನೆಯವರಿಗೆಲ್ಲ ಚರ್ಮದ ಪರೀಕ್ಷೆ ಮಾಡಿದಾಗ ಅವಳ ಕೈಯಲ್ಲಿ ಬಾವು ಬಂದಿತ್ತು. ಎಕ್ಸ್-ರೇ ಸರಿಯಾಗಿತ್ತು, ಕೆಮ್ಮು, ಜ್ವರ ಯಾವುದೂ ಇರಲಿಲ್ಲ. ಆದರೂ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ಗೆಳತಿಯರು ಬೇರೆ ಬೆಂಚಿಗೆ ಹೋಗಿದ್ದರು.

“ಟೀಚರ್, ಹಂಗಾದ್ರ ನನ್ನ ಸೈನಿಕರು ಸೋತಾರೇನ್ರಿ?”

ನಾನು ಕೊಟ್ಟ ಹೋಲಿಕೆಯಲ್ಲಿ ಗೆಲುವು, ಸೋಲು ಎರಡೇ ಇದ್ದವು. ಅವಳ ಸ್ಥಿತಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕರೊಂದಿಗೆ ಚರ್ಚಿಸಿ, ಎರಡನೆಯ ಪಾಠವನ್ನು ಹೊಸದಾಗಿ ಬರೆದೆ. ಅವಳ ವಿಷಯ ತರಗತಿಯಲ್ಲಿ ಎತ್ತಬಾರದೆಂದು ಮೊದಲೇ ನಿರ್ಧರಿಸಿದ್ದೆ.

ಎರಡನೆಯ ಪಾಠ

“ಗ್ವಾಡಿ ಯಾರು ಕಟ್ತಾರ?” ಎಂದು ಪ್ರಸ್ತಾವನೆಯ ಪ್ರಶ್ನೆ ಕೇಳಿದೆ. “ಗೌಂಡಿ!” ಎಂದು ತರಗತಿಯೆಲ್ಲ ಕೂಗಿತು. ಶಹಾಬಾದ್ ಕಲ್ಲಿನ ಗೋಡೆ ಆ ಮಕ್ಕಳು ದಿನಾ ನೋಡುವಂಥದ್ದು. ಅಲ್ಲಿಂದ ವಿಷಯ ನಿರೂಪಣೆಯನ್ನು ಹೀಗೆ ಹಂತ ಹಂತವಾಗಿ ಕಪ್ಪುಹಲಗೆಯ ಮೇಲೆ ಬೆಳೆಸಿದೆ.

1. ರೋಗಿ ಕೆಮ್ಮಿದಾಗ ಗಾಳಿಗೆ ಸೇರಿದ ಕ್ಷಯದ ರೋಗಾಣು ಉಸಿರಿನೊಡನೆ ಶ್ವಾಸಕೋಶದ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಆದರೆ ಈ ರೋಗಾಣು ಜೀರ್ಣವಾಗದೆ ಅವುಗಳ ಒಳಗೇ ಬದುಕಬಲ್ಲದು.

2. ಬೇರೆ ಕೆಲವು ಕೋಶಗಳು ರೋಗಾಣುವಿನ ತುಣುಕುಗಳನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ತೋರಿಸುತ್ತವೆ. ಥೈಮಸ್ ಗ್ರಂಥಿಯಲ್ಲಿ ಪಕ್ವವಾಗಿ ಬಂದ ಲಕ್ಷಾಂತರ ಬಗೆಯ ಟಿ ಕೋಶಗಳಲ್ಲಿ ಆ ತುಣುಕನ್ನು ಗುರುತಿಸಬಲ್ಲವು ಬಹಳ ಕಡಿಮೆ. ಅವು ಅಲ್ಲಿ ಸಂಖ್ಯೆಯಲ್ಲಿ ಹೆಚ್ಚಾಗಬೇಕು. ಇದಕ್ಕೆ ಕೆಲವು ವಾರಗಳೇ ಬೇಕು.

3. ಹೀಗೆ ಹೆಚ್ಚಿದ ಟಿ ಕೋಶಗಳು ಶ್ವಾಸಕೋಶಕ್ಕೆ ಬರುತ್ತವೆ. ಸಿಡಿ4 ಎಂಬ ಸಹಾಯಕ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ವಸ್ತುವನ್ನು ಬಿಡುತ್ತವೆ. ಅದರಿಂದ ಭಕ್ಷಕ ಕೋಶಗಳಿಗೆ ರೋಗಾಣುವನ್ನು ಕೊಲ್ಲುವ ಬಲ ಬರುತ್ತದೆ. ಸಿಡಿ8 ಟಿ ಕೋಶಗಳು ಸೋಂಕು ತಗುಲಿದ ಕೋಶಗಳನ್ನೇ ನಾಶ ಮಾಡುತ್ತವೆ.

4. ಉಳಿದ ರೋಗಾಣುಗಳ ಸುತ್ತ ಭಕ್ಷಕ ಕೋಶಗಳೂ ಟಿ ಕೋಶಗಳೂ ಸೇರಿ ಗೋಡೆ ಕಟ್ಟುತ್ತವೆ. ಇದೇ ಗ್ರಾನುಲೋಮಾ. ಭಕ್ಷಕ ಕೋಶಗಳು ಇದರ ಕಲ್ಲು, ಟಿ ಕೋಶಗಳು ಇದರ ಗೌಂಡಿ.

ಇಲ್ಲಿ ಒಬ್ಬ ಹುಡುಗ ಎದ್ದು ನಿಂತ. “ಗೌಂಡಿ ಕೆಲಸ ಬಿಟ್ರ ಗ್ವಾಡಿ ಬೀಳ್ತದಲ್ರಿ?” ನಾನು ಹೇಳಬೇಕಾದ್ದನ್ನು ಅವನೇ ಹೇಳಿದ್ದ. ಎಚ್‌ಐವಿ ಸಿಡಿ4 ಕೋಶಗಳನ್ನೇ ಕಡಿಮೆ ಮಾಡುತ್ತದೆ. ಅರೆಹೊಟ್ಟೆ, ಸಕ್ಕರೆ ಕಾಯಿಲೆ ಸಹ ಈ ರಕ್ಷಣೆಯನ್ನು ಕುಗ್ಗಿಸುತ್ತವೆ. ಆಗ ಒಳಗೆ ಉಳಿದ ರೋಗಾಣು ಹೊರಬಿದ್ದು ರೋಗವಾಗುತ್ತದೆ. “ಧೂಳಿನಿಂದ ಟಿಬಿ ಬರ್ತದೇನ್ರಿ?” ಎಂದು ಇನ್ನೊಬ್ಬಳು ಕೇಳಿದಳು. ಟಿಬಿ ಬರುವುದು ರೋಗಾಣುವಿನಿಂದಲೇ. ಆದರೆ ಸಿಲಿಕಾ ಇರುವ ಧೂಳು ಭಕ್ಷಕ ಕೋಶಗಳನ್ನು ಹಾಳು ಮಾಡುವುದರಿಂದ, ಅಂಥ ಧೂಳಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು ಎಂದು ವಿವರಿಸಿದೆ.

ಬಾವಿನ ಅರ್ಥ

ಕೊನೆಗೆ ಚರ್ಮದ ಪರೀಕ್ಷೆಗೆ ಬಂದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಈ ಪರೀಕ್ಷೆ ನಡೆಸಿದ್ದರು. ಸೋಂಕು ಕಂಡವರ ಸಂಖ್ಯೆ ಕ್ಷಯರೋಗಿಗಳ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಸೋಂಕು ತಗುಲಿದ 100 ಜನರಲ್ಲಿ ಜೀವಮಾನದಲ್ಲಿ ರೋಗ ಬರುವುದು ಸುಮಾರು 5ರಿಂದ 10 ಜನರಿಗೆ ಮಾತ್ರ.

“ಸೂಜಿ ಚುಚ್ಚಿದ ತಕ್ಷಣ ಕೈ ನೋಡದೆ 48ರಿಂದ 72 ಗಂಟೆ ಬಿಟ್ಟು ಏಕೆ ನೋಡುತ್ತಾರೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಒಬ್ಬಳು ಹೇಳಿದಳು: “ಗೌಂಡಿಗಳು ಬರಬೇಕಲ್ರಿ.” ಹೌದು. ಚುಚ್ಚಿದ ಜಾಗಕ್ಕೆ ಕ್ಷಯದ ಗುರುತು ನೆನಪಿರುವ ಟಿ ಕೋಶಗಳು ಬಂದು, ಬೇರೆ ಕೋಶಗಳನ್ನೂ ಕರೆಯುವುದರಿಂದ ಆ ಬಾವು ಬರುತ್ತದೆ. ದೇಹಕ್ಕೆ ಆ ರೋಗಾಣುವಿನ ಪರಿಚಯವಾಗಿದೆ ಎಂದಷ್ಟೇ ಅದರ ಅರ್ಥ. ರೋಗ ಇದೆಯೋ ಇಲ್ಲವೋ ಎಂಬುದು ಕಫ ಪರೀಕ್ಷೆ, ಎಕ್ಸ್-ರೇಗಳಿಂದ ತಿಳಿಯಬೇಕು. ಸೋಂಕು ಮಾತ್ರ ಇದ್ದು ರೋಗ ಇಲ್ಲದವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮುಂದೆ ರೋಗ ಬಾರದಂತೆ ಅವರಿಗೆ ಗುಳಿಗೆ ಕೊಡುತ್ತಾರೆ, ಅದನ್ನು ಪೂರ್ತಿ ನುಂಗಬೇಕು.

ನಾನು ಕಲಿತದ್ದು

ಮೌಲ್ಯಮಾಪನದಲ್ಲಿ “ಸೋಂಕಿಗೂ ರೋಗಕ್ಕೂ ಇರುವ ವ್ಯತ್ಯಾಸವೇನು?” ಎಂಬ ಪ್ರಶ್ನೆ ಸೇರಿಸಿದೆ. ಮೊದಲ ಪಾಠದಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಆದ್ದರಿಂದ ಆಗಿನ ಒಳ್ಳೆಯ ಅಂಕಗಳು ನನಗೆ ಏನನ್ನೂ ತಿಳಿಸಿರಲಿಲ್ಲ. ಗೋಡೆಯ ಹೋಲಿಕೆಗೂ ಮಿತಿಯಿದೆ: ನಿಜವಾದ ಗ್ರಾನುಲೋಮಾ ರೋಗಾಣುವಿಗೆ ಅಡಗುತಾಣವೂ ಆಗಬಲ್ಲದು. ಅದನ್ನೂ ಮಕ್ಕಳಿಗೆ ಹೇಳಿದೆ.

ಮರುದಿನ ಇಬ್ಬರು ಗೆಳತಿಯರಲ್ಲಿ ಒಬ್ಬಳು ಹಳೆಯ ಬೆಂಚಿಗೆ ಮರಳಿದ್ದಳು, ಇನ್ನೊಬ್ಬಳು ಬಂದಿರಲಿಲ್ಲ. ಈ ಘಟಕ ಬೋಧಿಸುವ ಸಹಪಾಠಿಗಳಿಗೆ ನನ್ನ ವಿನಂತಿ ಇಷ್ಟೆ: ಹೋಲಿಕೆ ಆರಿಸುವ ಮುನ್ನ, ಮನೆಯಲ್ಲಿ ರೋಗಿ ಇರುವ ಮಗುವೊಂದು ಅದನ್ನು ಕೇಳಿ ತನ್ನ ಬಗ್ಗೆ ಏನು ತಿಳಿದುಕೊಂಡೀತು ಎಂದು ಒಮ್ಮೆ ಯೋಚಿಸಿ.